ಅತ್ತೆಗೆ ಮಂಡಿ ನೋವು, ಮಗಳಿಗೆ ಐದು ವರ್ಷ: ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ಆಗುತ್ತದಾ?

ಪುಟ್ಟಿ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಎಲ್ಲಿಗೆ ಹೋಗೋಣ ಅನ್ನುವ ಗಲಾಟೆ ನಮ್ಮ ಮನೆಯಲ್ಲಿ ಶುರುವಾಗಿದೆ. ಮೈಸೂರಿನವರಿಗೆ ಗೊತ್ತಲ್ಲ, ಆ ಹತ್ತು ದಿನ ನಾಡಿಗೆ ನಾಡೇ ನಮ್ಮ ಬೀದಿಗೆ ಬಂದಿರುತ್ತದೆ. ಅತ್ತೆ ಗೊಂಬೆ ಬಿಟ್ಟು ಎಲ್ಲಿಗೂ ಬರುವವರಲ್ಲ. ಹಾಗಾಗಿ ವಿಜಯದಶಮಿ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ಹೊರಡುವುದು ಅಂತ ಆಗಿದೆ.

ನಾವು ಐದು ಜನ. ನಾನು, ನಮ್ಮವರು, ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು, 68 ವರ್ಷದ ಅತ್ತೆ. ಅತ್ತೆಗೆ ಎರಡೂ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಮೆಟ್ಟಿಲು ಅಂದರೆ ಮುಖ ಸಣ್ಣದಾಗುತ್ತದೆ. ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಅದೇ ಕಷ್ಟ.

ಒಬ್ಬ ಟ್ರಾವೆಲ್ಸ್‌ನವರು ಪ್ಲಾನ್ ಕೊಟ್ಟಿದ್ದಾರೆ. ಹುಬ್ಬಳ್ಳಿಯಿಂದ ಬೆಳಗ್ಗೆ ಆರಕ್ಕೆ ಹೊರಟು ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲಾ ಮುಗಿಸಿ ರಾತ್ರಿ ವಾಪಸ್. 'ಎಲ್ಲರೂ ಹೀಗೇ ನೋಡೋದು ಮೇಡಂ' ಅಂದರು. ನನಗೆ ಯಾಕೋ ಭಯ. ಹೋದ ವರ್ಷ ಇನ್ನೊಂದು ಕಡೆ ಹೀಗೇ ಓಡಿ ಓಡಿ ನೋಡಿ ಬಂದೆವು. ಮಗ ವಾಪಸ್ ಬರುವಾಗ ಕಾರಿನಲ್ಲಿ 'ಅಮ್ಮಾ, ಇನ್ನೊಂದ್ಸಲ ಕಲ್ಲು ನೋಡಕ್ಕೆ ಅಂತ ನನ್ನ ಕರೀಬೇಡಿ' ಅಂದುಬಿಟ್ಟ. ಅದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಹೋಗಿ ಬಂದವರು, ಆ ಕಡೆಯವರು ದಯವಿಟ್ಟು ಹೇಳಿ. ಒಂದು ದಿನ ಸಾಕಾ? ಯಾವುದನ್ನು ಬಿಡಬಹುದು? ಅತ್ತೆಗೆ ಎಲ್ಲೆಲ್ಲಿ ಕಷ್ಟ ಆಗುತ್ತದೆ? ಮಕ್ಕಳಿಗೆ ಬೇಜಾರಾಗದ ಹಾಗೆ ಏನಾದರೂ ಉಪಾಯ ಇದೆಯಾ?

ಬೈಕ್ ಸವಾರ, ಬೆಂಗಳೂರು

ಒಂದು ದಿನದಲ್ಲಿ ಆರಾಮಾಗಿ ಆಗುತ್ತದೆ. ನಾವು ನಾಲ್ಕು ಜನ ಸ್ನೇಹಿತರು ಸೂರ್ಯ ಹುಟ್ಟುವ ಹೊತ್ತಿಗೆ ಹೊರಟು ಮೂರೂ ಊರು ಮುಗಿಸಿ, ಸಂಜೆ ಬಾದಾಮಿ ಕೆರೆ ದಂಡೆಯಲ್ಲಿ ಚಹಾ ಕುಡಿದೆವು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ. ಅಷ್ಟೇ. ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಸುಮ್ನೆ ಹೆದರಬೇಡಿ.

ಗುಳೇದಗುಡ್ಡದ ಮಾಸ್ತರ

ಸವಾರ ಸಾಹೇಬರೇ, ನಿಮ್ಮ ನಾಲ್ವರಲ್ಲಿ ಯಾರಿಗೆ ಐದು ವರ್ಷ, ಯಾರಿಗೆ ಮಂಡಿ ನೋವು ಇತ್ತು ಹೇಳಿ ನೋಡೋಣ?

ಅಕ್ಕಾರೇ, ನಮಸ್ಕಾರ. ನಾನು ಗುಳೇದಗುಡ್ಡದವನು. ನೀವು ಕೇಳುವ ಮೂರೂ ಊರು ನಮ್ಮ ಮನೆಯಿಂದ ಕೂಗಳತೆ ದೂರ. ಸಾಲಿ ಮಾಸ್ತರ ಆಗಿ ನಿವೃತ್ತಿ ಆಗಿದ್ದೇನೆ. ಆ ಕೆಲಸ ಬಿಟ್ಟರೆ ನಾನು ಜೀವನದಲ್ಲಿ ಜಾಸ್ತಿ ಮಾಡಿದ ಕೆಲಸ ಅಂದರೆ ನೆಂಟರನ್ನು ಐಹೊಳೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗುವುದು. ನಮ್ಮ ಮನೆಗೆ ಯಾರೇ ಬರಲಿ, ಊಟ ಆದ ಮೇಲೆ ಮುಂದಿನ ಮಾತೇ ಅದು. ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕ ಬಿಟ್ಟು ಬಹಳ ವರ್ಷ ಆಯಿತು.

ಮೊದಲು ನನ್ನ ತಪ್ಪು ಹೇಳುತ್ತೇನೆ. ಧಾರವಾಡದಿಂದ ನಮ್ಮ ತಂಗಿ, ಭಾವ, ಅವರ ಮಕ್ಕಳು ಒಂದು ಸಲ ಮೇ ತಿಂಗಳಲ್ಲಿ ಬಂದಿದ್ದರು. ಒಂದೇ ದಿನ ಎಲ್ಲಾ ತೋರಿಸುತ್ತೇನೆ ಅಂತ ನಾನು ಎದೆ ತಟ್ಟಿ ಹೇಳಿದೆ. ಪಟ್ಟದಕಲ್ಲು ಮುಟ್ಟುವಾಗ ಮಧ್ಯಾಹ್ನ ಒಂದೂವರೆ. ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು. ನಮ್ಮ ಸೊಸಿ, ಅಂದರೆ ತಂಗಿಯ ಮಗಳು, ಆಗ ಆರು ವರ್ಷದವಳು. ಆ ಕಾದ ಹಾಸುಗಲ್ಲಿನ ಮೇಲೆ ಕುಣಿಯುತ್ತಾ ಓಡಿದಳು. ನಾನು ನಗುತ್ತಿದ್ದೆ. ಆಮೇಲೆ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ತಂಗಿ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅವತ್ತಿನಿಂದ ನಮ್ಮ ಜೀಪಿನಲ್ಲಿ ಒಂದು ಚೀಲ ತುಂಬಾ ಹಳೇ ಸಾಕ್ಸ್ ಇರುತ್ತವೆ, ಎಲ್ಲಾ ಅಳತೆಯವು. ನೀವೂ ಎಲ್ಲರಿಗೂ ಒಂದೊಂದು ಜೊತೆ ದಪ್ಪನೆಯ ಸಾಕ್ಸ್ ತನ್ನಿ. ಅಕ್ಟೋಬರ್ ಬಿಸಿಲು ಮೇ ತಿಂಗಳಷ್ಟು ಕೆಟ್ಟದ್ದಲ್ಲ. ಆದರೂ ಹನ್ನೆರಡರ ಮೇಲೆ ಕಲ್ಲು ಕಲ್ಲೇ.

ಈಗ ಪ್ಲಾನ್. ಹುಬ್ಬಳ್ಳಿ ಬಿಡಿ. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸೀದಾ ಬಾದಾಮಿಗೆ ಬರುತ್ತದೆ. ರಾತ್ರಿ ಮಲಗಿ ಎದ್ದರೆ ಬಾದಾಮಿ. ಸ್ಟೇಷನ್ನು ಊರಿನಿಂದ ಐದು ಕಿ.ಮೀ. ದೂರ ಇದೆ, ಆಟೋ ಸಿಗುತ್ತವೆ. ಊರಲ್ಲೇ ರೂಮು ಮಾಡಿ, ಎರಡು ದಿನ ಇರಿ. ಕೂಡಲಸಂಗಮ ಈ ಸಲ ಬೇಡ. ಬಸವಣ್ಣನವರ ಐಕ್ಯಸ್ಥಳಕ್ಕೆ ಅವಸರದಲ್ಲಿ ಹೋಗಿ ಮುಖ ತೋರಿಸಿ ಬರಬಾರದು.

ಒಂದು ದಿನ ಕಾರು ಮಾಡಿಕೊಂಡು ಮೊದಲು ಐಹೊಳೆ, ಬರುವಾಗ ಪಟ್ಟದಕಲ್ಲು. ದೂರದ್ದು ತಂಪು ಹೊತ್ತಿನಲ್ಲಿ ಮುಗಿಯಬೇಕು. ಎರಡೂ ಕಡೆ ಮುಖ್ಯ ಗುಡಿಗಳು ಸಮತಟ್ಟು ಹುಲ್ಲುಹಾಸಿನ ಮೇಲೆ ಇವೆ. ಗುಡಿಯ ಒಳಗೆ ಹೋಗಲು ನಾಲ್ಕಾರು ಮೆಟ್ಟಿಲು ಇರುತ್ತವೆ ಅಷ್ಟೇ. ನಿಮ್ಮ ಅತ್ತೆಯವರಿಗೆ ಆ ದಿನ ಚಿಂತೆ ಇಲ್ಲ. ಇನ್ನೊಂದು ದಿನ ಪೂರ್ತಿ ಬಾದಾಮಿ. ಬೆಳಗ್ಗೆ ಗುಹೆ, ಮಧ್ಯಾಹ್ನ ಊಟ ಮಾಡಿ ರೂಮಿನಲ್ಲಿ ಎರಡು ತಾಸು ಮಲಗುವುದು, ನಾಲ್ಕರ ಹೊತ್ತಿಗೆ ಮ್ಯೂಸಿಯಂ, ಅಲ್ಲಿಂದ ಕೆರೆ ದಂಡೆ ಹಿಡಿದು ಭೂತನಾಥ ಗುಡಿ. ಸಂಜೆ ಬಿಸಿಲಿಗೆ ಆ ಕೆಂಪು ಗುಡ್ಡ, ನೀರು, ಗುಡಿ ಎಲ್ಲಾ ಒಂದೇ ಬಣ್ಣಕ್ಕೆ ತಿರುಗುತ್ತವೆ.

ಮಲಗುವುದು ಅಂದೆನಲ್ಲ, ಅದನ್ನು ಬಿಡಬೇಡಿ. ಮಕ್ಕಳು ಗುಡಿ ನೋಡಿ ಬೇಜಾರಾಗುವುದಿಲ್ಲ ಅಕ್ಕಾರೇ, ದಣಿದು ಬೇಜಾರಾಗುತ್ತಾರೆ. ನಾವು ಅದನ್ನು ಇತಿಹಾಸದ ತಲೆಗೆ ಕಟ್ಟುತ್ತೇವೆ.

ನಮ್ಮ ಮನೆಯ ನಿಯಮ ಒಂದೇ: ಒಂದು ಊರಿಗೆ ಒಂದು ಗುಡಿ. ಅದನ್ನು ಕುಂತು ನೋಡುವುದು. ಉಳಿದದ್ದನ್ನು ಹಾದು ಹೋಗುವುದು. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿ ಇವೆ, ಎಲ್ಲಾ ನೋಡುತ್ತೇನೆ ಅಂದರೆ ಕಡೆಗೆ ಒಂದೂ ನೆನಪಿರುವುದಿಲ್ಲ. ಅಲ್ಲಿ ದುರ್ಗ ಗುಡಿ ಒಂದನ್ನು ಹಿಡಿಯಿರಿ. ಹೆಸರು ಕೇಳಿ ಮಕ್ಕಳು ದುರ್ಗವ್ವ ಎಲ್ಲಿ ಅಂತ ಹುಡುಕುತ್ತಾರೆ. ಮಹಿಷಮರ್ದಿನಿಯ ಶಿಲ್ಪ ಇದೆ, ನಿಜ. ಆದರೆ ಗುಡಿಗೆ ಆ ಹೆಸರು ಬಂದದ್ದು ಕೋಟೆ ಅನ್ನುವ ಅರ್ಥದ ದುರ್ಗದಿಂದ. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ. ಸುತ್ತ ಕಂಬಗಳ ಪಡಸಾಲೆ, ನೆರಳಿನಲ್ಲೇ ಒಂದು ಸುತ್ತು ಬರಬಹುದು, ಗಾಳಿ ಚೆನ್ನಾಗಿ ಆಡುತ್ತದೆ. ನಿಮ್ಮ ಅತ್ತೆಯವರು ಎದ್ದು ಬರಲ್ಲ ಅಂತಾರೆ ನೋಡಿ. ಪಕ್ಕದಲ್ಲೇ ಲಾಡ್ ಖಾನ್ ಗುಡಿ. ಲಾಡ್ ಖಾನ್ ಅನ್ನುವವರು ಹಿಂದೆ ಅದರಲ್ಲಿ ವಾಸವಿದ್ದರಂತೆ, ಅದಕ್ಕೇ ಆ ಹೆಸರು. ಹುಡುಗನಿಗೆ ಅದರ ಮಾಡು ತೋರಿಸಿ. ಚಪ್ಪಡಿ ಚಪ್ಪಡಿ ನಡುವಿನ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಮರದ ಮನೆ ಕಟ್ಟುತ್ತಿದ್ದವರು ಕಲ್ಲಿಗೆ ಕೈ ಹಾಕಿದಾಗ ಹೀಗೆ ಮಾಡುತ್ತಾರೆ. ಹೊಸ ಸಾಮಾನು, ಹಳೇ ಕೈ.

ಊರಿನ ಹೆಸರಿಗೂ ಒಂದು ಕತೆ ಇದೆ. ಪರಶುರಾಮ ರಕ್ತದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನಂತೆ, ನೀರು ಕೆಂಪಾಯಿತಂತೆ. ನೀರಿಗೆ ಬಂದ ಹೆಂಗಸು 'ಅಯ್ಯೋ ಹೊಳೆ!' ಅಂದಳಂತೆ. ಇತಿಹಾಸದವರು ಒಪ್ಪುವುದಿಲ್ಲ. ಐದು ವರ್ಷದವರು ಒಪ್ಪುತ್ತಾರೆ.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ. ಕಾರಿನಲ್ಲಿ ಹೋಗುವಾಗಲೇ ಕತೆ ಹೇಳಿಬಿಡಿ. ಇದು ಸೇಡಿನ ಕತೆ, ಹುಡುಗರಿಗೆ ಹಿಡಿಸುತ್ತದೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಂದು ಚಾಲುಕ್ಯರ ರಾಜಧಾನಿಯಾಗಿದ್ದ ನಮ್ಮ ಬಾದಾಮಿಯನ್ನು ಹಿಡಿದ. ವಾತಾಪಿ ಅಂದರೆ ಬಾದಾಮಿಯ ಹಳೇ ಹೆಸರು, ಅದನ್ನು ಗೆದ್ದವನು ಅಂತ 'ವಾತಾಪಿಕೊಂಡ' ಅನ್ನುವ ಬಿರುದು ಬೇರೆ ಹಚ್ಚಿಕೊಂಡ. ಸುಮಾರು ನೂರು ವರ್ಷ ಆದ ಮೇಲೆ ನಮ್ಮ ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಗೆದ್ದ. ಗೆದ್ದವನು ಕಂಚಿಯನ್ನು ಸುಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಹಾಗಂತ ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಈ ವಿರೂಪಾಕ್ಷ ಗುಡಿ. ಕಟ್ಟಿದ ಶಿಲ್ಪಿಯ ಹೆಸರೂ ಶಾಸನದಲ್ಲಿದೆ, ಗುಂಡ ಅನಿವಾರಿತಾಚಾರಿ. ಅವಳ ತಂಗಿ, ಅವಳೂ ರಾಣಿಯೇ, ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಕಟ್ಟಿಸಿದಳು. ಅಕ್ಕನದು ಸ್ವಲ್ಪ ದೊಡ್ಡದು. ಇದನ್ನು ನಮ್ಮ ಮನೆಯ ಹೆಂಗಸರು ಪ್ರತಿ ಸಲ ಗಮನಿಸುತ್ತಾರೆ.

ಮಕ್ಕಳಿಗೆ ಅಲ್ಲಿ ಒಂದು ಆಟ. ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ದ್ರಾವಿಡ, ಬಾಗುತ್ತಾ ಒಂದೇ ಸಮ ಏರಿದ್ದರೆ ನಾಗರ. ಯಾವುದು ಎಷ್ಟು ಅಂತ ಎಣಿಸಲಿ. ದಕ್ಷಿಣದ್ದು, ಉತ್ತರದ್ದು ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದಕ್ಕೆ ಇದೂ ಒಂದು ಕಾರಣ. ಒಳಗೆ ಕಂಬಗಳ ಮೇಲೆ ರಾಮಾಯಣ ಇದೆ, ರಾವಣನ ಜೊತೆ ಹೊಡೆದಾಡುವ ಜಟಾಯುವನ್ನು ಹುಡುಕಿಸಿ. ಒಳಗೆ ಕತ್ತಲೆ. ಮೊಬೈಲ್ ಟಾರ್ಚ್ ಹುಡುಗನ ಕೈಗೆ ಕೊಡಿ. ಟಾರ್ಚ್ ಯಾರ ಕೈಯಲ್ಲಿದೆಯೋ ಅವನೇ ಗೈಡ್.

ಟಿಕೆಟ್ಟು 15 ವರ್ಷದ ಒಳಗಿನವರಿಗೆ ಇಲ್ಲ. ದೊಡ್ಡವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕಟ್ಟಿದರೆ ಐದು ರೂಪಾಯಿ ಕಡಿಮೆ.

ಬಾದಾಮಿ ಬಗ್ಗೆ ಸಂಜೆ ಬರೆಯುತ್ತೇನೆ. ಎಮ್ಮೆಗೆ ನೀರು ಹಾಕಬೇಕು.

ಹುಬ್ಬಳ್ಳಿ ಹುಡುಗಿ

ಮಾಸ್ತರು ಹೇಳಿದ್ದರಲ್ಲಿ ಒಂದು ಸೇರಿಸುತ್ತೇನೆ. ಬಾದಾಮಿ, ಐಹೊಳೆ ಎರಡೂ ಕಡೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ನಾವು ಗೊತ್ತಿಲ್ಲದೆ ಶುಕ್ರವಾರವೇ ಹೋಗಿ ಗೇಟು ನೋಡಿ ಬಂದೆವು.

ಇನ್ನೊಂದು, ತಳ್ಳುವ ಗಾಡಿ ತರುತ್ತೇನೆ ಅಂದುಕೊಂಡಿದ್ದರೆ ಬೇಡ. ಪಟ್ಟದಕಲ್ಲಿನಲ್ಲಿ ದಾರಿಯ ಮೇಲೆ ಉರುಳುತ್ತದೆ, ಬೇರೆ ಕಡೆ ನೀವೇ ಅದನ್ನು ಹೊರಬೇಕು.

ಬಾದಾಮಿಯಲ್ಲಿ ಕೋತಿಗಳ ವಿಷಯ ಯಾರೂ ಹೇಳಲಿಲ್ಲ! ಕೈಯಲ್ಲಿ ಕವರ್ ಕಂಡರೆ ಸಾಕು. ನಮ್ಮ ಮಗಳ ಕೈಯಿಂದ ಚಿಪ್ಸ್ ಪೊಟ್ಟಣ ಎಷ್ಟು ಮರ್ಯಾದೆಯಿಂದ ತೆಗೆದುಕೊಂಡಿತು ಅಂದರೆ, ಮಗು ಎರಡು ನಿಮಿಷ ಅಳುವುದನ್ನೇ ಮರೆತಿತ್ತು. ತಿನ್ನುವ ಯಾವುದನ್ನೂ ಗುಹೆಯ ಕಡೆ ತೆಗೆದುಕೊಂಡು ಹೋಗಬೇಡಿ. ಹೊಟ್ಟೆ ತುಂಬಿಸಿಕೊಂಡೇ ಹತ್ತಿ.

ಪುಟ್ಟಿ ಅಮ್ಮ, ಮೈಸೂರು

ಅಯ್ಯೋ, ಎಷ್ಟು ಬರೆದಿದ್ದೀರಿ ಮಾಸ್ತರೇ! ನಮ್ಮವರಿಗೆ ಓದಿ ಹೇಳಿದೆ. ಎರಡು ದಿನಕ್ಕೆ ಒಪ್ಪಿದ್ದಾರೆ. ಟ್ರಾವೆಲ್ಸ್‌ನವರಿಗೆ ಬೇಡ ಅಂತ ಹೇಳಿಯಾಯಿತು. ಅತ್ತೆಗೆ ಅಕ್ಕ ತಂಗಿ ರಾಣಿಯರ ಕತೆ ತುಂಬಾ ಹಿಡಿಸಿತು. 'ದೊಡ್ಡದು ಯಾರದ್ದು' ಅಂತ ಅವರೂ ಮೊದಲು ಅದನ್ನೇ ಕೇಳಿದರು.

ಬಾದಾಮಿ ಗುಹೆಗಳಿಗೆ ಅತ್ತೆಯನ್ನು ಹತ್ತಿಸಬಹುದಾ ಅನ್ನುವುದೇ ಈಗ ಪ್ರಶ್ನೆ. ಕೆಳಗೆ ಒಬ್ಬರನ್ನೇ ಕೂರಿಸಿ ನಾವು ಹೋಗುವುದು ನನಗೆ ಇಷ್ಟ ಇಲ್ಲ. ನಮ್ಮವರು ಟ್ರೈಪಾಡ್ ತರಲಾ ಅಂತ ಕೇಳುತ್ತಿದ್ದಾರೆ.

ಗುಳೇದಗುಡ್ಡದ ಮಾಸ್ತರ

ಟ್ರೈಪಾಡ್ ಮನೆಯಲ್ಲೇ ಇರಲಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು.

ಗುಹೆಗಳು ನಾಲ್ಕು. ಒಂದನೆಯದರಿಂದ ಮೂರನೆಯದರ ತನಕ ಹತ್ತುತ್ತಲೇ ಹೋಗಬೇಕು. ನಾಲ್ಕನೆಯದು, ಜೈನರದು, ಮೂರನೆಯದರ ಮಗ್ಗುಲಲ್ಲೇ ಇದೆ. ಅತ್ತೆಯವರನ್ನು ಒಂದನೆಯ ಗುಹೆಗೆ ಮಾತ್ರ ಹತ್ತಿಸಿ. ಮೆಟ್ಟಿಲು ಸ್ವಲ್ಪ ಎತ್ತರದವು, ಕೈ ಹಿಡಿಯಬೇಕು, ನಡುವೆ ನಿಲ್ಲಬೇಕು. ಬೆಳಗ್ಗೆಯೇ ಹೋಗಿ. ಅಲ್ಲಿ ಕುಂತರೆ ಕಷ್ಟಪಟ್ಟದ್ದಕ್ಕೆ ಮೋಸ ಇಲ್ಲ, ಏಕೆಂದರೆ ಮಕ್ಕಳಿಗೆ ತೋರಿಸುವ ಒಳ್ಳೇ ಮಾಲು ಎಲ್ಲಾ ಅಲ್ಲೇ ಇದೆ.

ಗುಹೆಯ ಬಲಗಡೆ ಹೊರಗೋಡೆಗೆ ನಟರಾಜ. 18 ಕೈ. ಹುಡುಗನಿಗೆ ಮೊದಲು ಎಣಿಸಲು ಹೇಳಿ. ಆಮೇಲೆ ಕೇಳಿ: ಎಡಗಡೆಯ ಒಂಬತ್ತು ಕೈಯಲ್ಲಿ ಯಾವುದಾದರೂ ಒಂದು, ಬಲಗಡೆಯ ಒಂಬತ್ತರಲ್ಲಿ ಯಾವುದಾದರೂ ಒಂದು, ಹೀಗೆ ಜೋಡಿ ಮಾಡಿದರೆ ಎಷ್ಟು ಭಂಗಿ? ಉತ್ತರ 81. ಇದನ್ನು ಅಲ್ಲಿಯ ಗೈಡುಗಳು ಥಟ್ಟನೆ ಹೇಳಿಬಿಡುತ್ತಾರೆ. ಅವರು ಹೇಳುವುದಕ್ಕಿಂತ ಮೊದಲು ಹುಡುಗನೇ ಗುಣಿಸಲಿ. ಮಗ್ಗಿ ಕಲಿಸಲು ಇದಕ್ಕಿಂತ ಒಳ್ಳೇ ಕರಿಹಲಗೆ ನನಗೆ ಸಿಕ್ಕಿಲ್ಲ.

ಸಣ್ಣವಳಿಗೆ ಇನ್ನೊಂದು. ಗುಹೆಯ ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲಕ ನಿಂತಿದ್ದಾನೆ. ಅವನ ಕಾಲಿನ ಕೆಳಗೆ ನೋಡಿ. ಬಹಳ ಮಂದಿ ಮೇಲೆ ನೋಡುತ್ತಾ ಮುಂದೆ ಹೋಗುತ್ತಾರೆ. ಅಲ್ಲಿ ಎರಡು ಮೈಗೆ ಒಂದೇ ತಲೆ ಇದೆ. ಒಂದು ಮೈಯನ್ನು ಅಂಗೈಯಿಂದ ಮುಚ್ಚಿದರೆ ಆನೆ. ಇನ್ನೊಂದನ್ನು ಮುಚ್ಚಿದರೆ ಎತ್ತು. ಕಲ್ಲು ಮುಟ್ಟಬೇಡಿ, ಕಣ್ಣಿನ ಮುಂದೆ ಕೈ ಅಡ್ಡ ಹಿಡಿದರೆ ಸಾಕು. ಸಾಲಿ ಮಕ್ಕಳನ್ನು ಕರೆದುಕೊಂಡು ಹೋದಾಗ ಇಲ್ಲಿಂದ ಅವರನ್ನು ಎಬ್ಬಿಸುವುದು ನನಗೆ ಕಷ್ಟ ಆಗುತ್ತಿತ್ತು.

ಅತ್ತೆಯವರ ಜೊತೆ ನಿಮ್ಮಲ್ಲಿ ಒಬ್ಬರು ಅಲ್ಲೇ ಇರಿ. ಇನ್ನೊಬ್ಬರು ಮಕ್ಕಳನ್ನು ಮೂರನೆಯ ಗುಹೆಗೆ ಕರೆದೊಯ್ಯಿರಿ. ಅದೇ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ್ದು ಅಂತ ಅಲ್ಲೇ ಶಾಸನ ಇದೆ. ಶೇಷನ ಸುರುಳಿಯ ಮೇಲೆ ವಿಷ್ಣು ಕಾಲು ಮಡಿಚಿ ಕುಂತಿದ್ದಾನೆ. ಮಲಗಿದ ವಿಷ್ಣುವನ್ನು ನೋಡಿದ ಮಕ್ಕಳಿಗೆ ಅದೇ ಒಂದು ಆಶ್ಚರ್ಯ. ಆಮೇಲೆ ನೀವಿಬ್ಬರೂ ಅದಲು ಬದಲು ಆಗಿ. ಅತ್ತೆಯವರಿಗೆ ಬೇಜಾರಾಗುವುದಿಲ್ಲ. ಕೆಳಗೆ ಅಗಸ್ತ್ಯತೀರ್ಥ ಕೆರೆ ಕಾಣುತ್ತದೆ, ದಂಡೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಒಗೆಯುವ ಸಪ್ಪಳ ಎದುರು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತದೆ. ಕೈ ಮೇಲೆ ಹೋದಾಗ ಸಪ್ಪಳ, ಕೆಳಗೆ ಬಂದಾಗ ಮೌನ. ಮೊದಲ ಸಲ ಕೇಳಿದವರು ಗೊಂದಲ ಆಗುತ್ತಾರೆ.

ಊಟದ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಬನಶಂಕರಿ ಗುಡಿ ಬಾದಾಮಿಯಿಂದ ಐದು ಕಿ.ಮೀ. ಅಲ್ಲಿ ಬುಟ್ಟಿ ಹೊತ್ತ ಹೆಂಗಸರು ಬರುತ್ತಾರೆ. ಖಡಕ್ ರೊಟ್ಟಿ, ಕಾಳು ಪಲ್ಯ, ಗುರೆಳ್ಳು ಹಿಂಡಿ (ನಿಮ್ಮ ಕಡೆಯ ಹುಚ್ಚೆಳ್ಳು ಚಟ್ನಿಪುಡಿ), ಕೆನೆ ಮೊಸರು. ಹೊಂಡದ ದಂಡೆಯ ಮೇಲೆ ಕುಂತು ತಿನ್ನಿ. ಖಾರ ಕಡಿಮೆ ಬೇಕು ಅಂತ ಮೊದಲೇ ಹೇಳಿ, ಮೈಸೂರಿನ ನಾಲಿಗೆ ಅಂತ ಅವರಿಗೆ ತಿಳಿಯುತ್ತದೆ.

ಶಾಸನದ ಹುಚ್ಚು

ಭೂತನಾಥ ಗುಡಿಯ ಕಡೆ ಹೋಗುವವರು ಕಪ್ಪೆ ಅರಭಟ್ಟನ ಶಾಸನವನ್ನು ಮರೆಯಬೇಡಿ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಇದೆ, ಸ್ಥಳೀಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಸುಮಾರು 700ನೇ ಇಸವಿಯದು. 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಅಂತ ಬರುವುದು ಇದರಲ್ಲೇ. ತ್ರಿಪದಿಯ ಅತಿ ಹಳೆಯ ಮಾದರಿ ಇದೇ. ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಅದೇ ಮೂರು ಸಾಲಿನ ಲೆಕ್ಕ. ನಮ್ಮ ಮಗ ಬಂಡೆಯ ಮುಂದೆ ನಿಂತು ಇದು ಕನ್ನಡವೇ ಅಲ್ಲ ಅಂದ. ಒಂದೊಂದೇ ಅಕ್ಷರ ತೋರಿಸಿದೆ. ನಾಲ್ಕು ಅಕ್ಷರ ಗುರುತು ಹಿಡಿದ ಮೇಲೆ ತಾನೇ ಐದನೆಯದನ್ನು ಹುಡುಕಿದ. ಹೋಗುವ ಮೊದಲು ಹಳೆಯ ಅಕ್ಷರಗಳ ಒಂದು ಚಾರ್ಟ್ ಪ್ರಿಂಟ್ ಮಾಡಿಕೊಂಡು ಹೋಗಿ.

ಮಾಸ್ತರು ಐಹೊಳೆಯ ಮೇಗುತಿ ಗುಡಿಯನ್ನು ಬಿಟ್ಟರಲ್ಲ! 634ರ ರವಿಕೀರ್ತಿಯ ಶಾಸನ ಅಲ್ಲೇ ಇರುವುದು. ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲಿದೆ.

ಗುಳೇದಗುಡ್ಡದ ಮಾಸ್ತರ

ಬಿಟ್ಟಿಲ್ಲ ಸಾಹೇಬರೇ, ಉಳಿಸಿದ್ದೇನೆ. ಗುಡ್ಡ ಹತ್ತಬೇಕು. ಮಂಡಿ ನೋವಿನವರಿಗೆ ಪುಲಕೇಶಿ ಮುಂದಿನ ಸಲ.

ಪುಟ್ಟಿ ಅಮ್ಮ, ಮೈಸೂರು

ಹೋಗಿ ಬಂದೆವು! ಬಟ್ಟೆ ಇನ್ನೂ ಒಗೆದಿಲ್ಲ, ಮೊದಲು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವೂ ಪ್ಲಾನ್ ಪ್ರಕಾರ ಆಗಲಿಲ್ಲ. ರೈಲು ತಡ, ಐಹೊಳೆ ಮುಟ್ಟುವಾಗ ಹತ್ತೂವರೆ ಆಗಿತ್ತು. ಸಾಕ್ಸ್ ನಾಲ್ಕು ಜೊತೆ ತಂದು ನಮ್ಮವರದನ್ನು ಮರೆತೆ. ವಿರೂಪಾಕ್ಷದ ಅಂಗಳದಲ್ಲಿ ಅವರು ನಡೆದ ರೀತಿ ನೋಡಿ ಮಗಳು 'ಅಪ್ಪ ಭರತನಾಟ್ಯ' ಅಂದಳು. ಪಟ್ಟದಕಲ್ಲಿನಲ್ಲಿ ಶಿಖರ ಎಣಿಸುವ ಆಟದಲ್ಲಿ ಅಣ್ಣ ತಂಗಿ ಜಗಳ ಆಡಿಕೊಂಡರು. ಪಾಪನಾಥ ಗುಡಿ ಸ್ವಲ್ಪ ದೂರ ಇದೆಯಲ್ಲ, ಅದನ್ನು ಲೆಕ್ಕಕ್ಕೆ ಸೇರಿಸಬೇಕಾ ಬೇಡವಾ ಅಂತ. ಕಡೆಗೆ ಅದನ್ನು ನೋಡದೆ ಇತ್ಯರ್ಥ ಆಗಲಿಲ್ಲ. ಮಗನೇ ನಮ್ಮನ್ನೆಲ್ಲಾ ಅಲ್ಲಿಗೆ ಎಳೆದುಕೊಂಡು ಹೋದ. ಕಲ್ಲು ನೋಡಕ್ಕೆ ಕರೀಬೇಡಿ ಅಂದಿದ್ದವನು!

ಬಾದಾಮಿಯಲ್ಲಿ ಕೋತಿ ನಮ್ಮವರ ಬೆನ್ನಿನ ಬ್ಯಾಗಿನ ಜಿಪ್ಪು ತೆಗೆಯಿತು. ಹರಿಯಲಿಲ್ಲ, ಕಿತ್ತುಕೊಳ್ಳಲಿಲ್ಲ, ನಿಧಾನಕ್ಕೆ ಜಿಪ್ಪು ಎಳೆದು ಬಾಳೆಹಣ್ಣು ತೆಗೆದುಕೊಂಡು ಹೋಯಿತು. ತಿಂಡಿ ತರಬೇಡಿ ಅಂತ ಹೇಳಿದ್ದರೂ ಅವರು ಗುಟ್ಟಾಗಿ ಎರಡು ಹಣ್ಣು ಇಟ್ಟುಕೊಂಡಿದ್ದರು ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ಅತ್ತೆ ಒಂದನೆಯ ಗುಹೆಗೆ ಹತ್ತಿದರು. ಮೂರು ಕಡೆ ನಿಂತರು, ಇಪ್ಪತ್ತು ನಿಮಿಷ ಹಿಡಿಯಿತು. ಮಗ 81 ಅಂತ ತಾನೇ ಹೇಳಿ, ಅಲ್ಲಿದ್ದ ಗೈಡ್ ಒಬ್ಬರು ಅವನ ಬೆನ್ನು ತಟ್ಟಿದ ಮೇಲೆ ನೆಲದ ಮೇಲೆ ಕಾಲಿಡಲಿಲ್ಲ. ಮಗಳು ಆನೆ ಎತ್ತಿನ ಮುಂದೆ ಕೂತು ಕೈ ಅಡ್ಡ ಹಿಡಿಯುವುದು, ತೆಗೆಯುವುದು, ಹಿಡಿಯುವುದು. ಹತ್ತು ನಿಮಿಷ ಆದರೂ ಏಳಲಿಲ್ಲ. ಹಿಂದೆ ಬಂದವರೆಲ್ಲಾ ಮಗು ಏನು ನೋಡುತ್ತಿದೆ ಅಂತ ಬಗ್ಗಿ ನೋಡಿದರು. ಅವಳು ಎಲ್ಲರಿಗೂ ಹೇಳಿಕೊಟ್ಟಳು.

ನಾನು ಅಂದುಕೊಂಡಿರದ ಒಂದು ಸಂಗತಿ ನಡೆಯಿತು. ನಾನು ಅತ್ತೆಯ ಜೊತೆ ಅಲ್ಲೇ ಕೂತಿದ್ದೆ. ಕೆಳಗೆ ಕೆರೆ. ಅತ್ತೆ ಇದ್ದಕ್ಕಿದ್ದಂತೆ 'ಇದೇ ಅಲ್ವೇನೇ ವಾತಾಪಿಯ ಊರು?' ಅಂದರು. ಹೌದು ಅಂದೆ. ಮಕ್ಕಳು ಮೇಲಿನ ಗುಹೆಯಿಂದ ಇಳಿದು ಬಂದ ಮೇಲೆ ಅವರೇ ಶುರು ಮಾಡಿದರು. ಇಲ್ವಲ, ವಾತಾಪಿ ಅಣ್ಣತಮ್ಮಂದಿರು. ವಾತಾಪಿ ಟಗರಾಗುತ್ತಿದ್ದ, ಇಲ್ವಲ ಅವನನ್ನೇ ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ, ಆಮೇಲೆ 'ವಾತಾಪಿ, ಬಾ' ಅಂತ ಕರೆದರೆ ಅವನು ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರು ಉಂಡು, ಹೊಟ್ಟೆ ಸವರಿಕೊಂಡು... ಅಷ್ಟರಲ್ಲಿ ಮಗಳು ಬಾಯಿ ಹಾಕಿದಳು. 'ಅಜ್ಜಿ, ನೀನು ನನ್ನ ಹೊಟ್ಟೆಗೆ ಮಾಡ್ತೀಯಲ್ಲ, ಅದು!' ಹುಟ್ಟಿದಾಗಿನಿಂದ ಹಾಲು ಕುಡಿಸಿದ ಮೇಲೆಲ್ಲಾ ಅವಳ ಹೊಟ್ಟೆ ಸವರಿ 'ಜೀರ್ಣ ಜೀರ್ಣ ವಾತಾಪಿ ಜೀರ್ಣ' ಅಂತ ಅತ್ತೆಯೇ ಹೇಳುತ್ತಿದ್ದದ್ದು. ಆ ವಾತಾಪಿಗೂ ಈ ಊರಿಗೂ ಇರುವ ನಂಟು ನನಗೇ ಹೊಳೆದಿರಲಿಲ್ಲ. ಅವತ್ತು ಬನಶಂಕರಿಯಲ್ಲಿ ಎರಡು ರೊಟ್ಟಿ ತಿಂದು, ನಮ್ಮವರೂ ಸೇರಿ ಎಲ್ಲರೂ ಸಾಲಾಗಿ ಹೊಟ್ಟೆ ತೋರಿಸಿಕೊಂಡು ಅತ್ತೆಯ ಮುಂದೆ ಕೂತರು.

ಕಪ್ಪೆ ಅರಭಟ್ಟನ ಬಂಡೆಯ ಹತ್ತಿರ ಹೋಗಲು ಆಗಲಿಲ್ಲ. ಭೂತನಾಥ ಗುಡಿಯ ಮುಂದೆ ಮೆಟ್ಟಿಲ ಮೇಲೆ ಕೂತವರು ಕತ್ತಲಾಗುವ ತನಕ ಏಳಲೇ ಇಲ್ಲ. ಚಾರ್ಟ್ ಮಾತ್ರ ಮಗನ ಹತ್ತಿರ ಇದೆ. ಅದನ್ನು ನೋಡಿ ತಂಗಿಗೆ ಬೈಗುಳ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾನೆ.

ಮಾಸ್ತರೇ, ಒಂದು ಸಹಾಯ. ರೊಟ್ಟಿ ಅಮ್ಮ ಕಟ್ಟಿಕೊಟ್ಟ ಗುರೆಳ್ಳು ಹಿಂಡಿ ಎರಡೇ ದಿನಕ್ಕೆ ಖಾಲಿ. ಮನೆಯಲ್ಲಿ ಮಾಡಿದೆ, ಕಹಿ ಬಂತು. ಎಲ್ಲಿ ತಪ್ಪಿದೆ?

ಗುಳೇದಗುಡ್ಡದ ಮಾಸ್ತರ

ಮನೆಯವರನ್ನು ಕೇಳಿ ಬರೆಯುತ್ತಿದ್ದೇನೆ. ಜಾಸ್ತಿ ಹುರಿದಿದ್ದೀರಿ ಅಂತೆ. ಸಣ್ಣ ಉರಿ, ಚಟಪಟ ಅಂದ ಕೂಡಲೇ ಇಳಿಸಬೇಕು. ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿ, ಸಿಪ್ಪೆ ಸಮೇತ.